‘ಸಮ’ ಎಂದ ಮೂರನೇ ತರಗತಿ

ಮೂರನೇ ತರಗತಿಯ ಮೇಡಮ್ಮನ್ನು ಶಾಲೆಯಲ್ಲಿ ಎಲ್ಲರೂ ತಕ್ಕಡಿ ಟೀಚರ್ ಎನ್ನುತ್ತಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಬಟ್ಟೆ ಹಾಕುವ ಹ್ಯಾಂಗರ್ ಒಂದು, ಅದರ ಎರಡು ತುದಿಗೆ ದಾರದಲ್ಲಿ ಕಟ್ಟಿದ ತಗಡಿನ ಮುಚ್ಚಳಗಳು, ನೇತುಹಾಕಲು ಬಾಗಿಲ ಚೌಕಟ್ಟಿನಲ್ಲೊಂದು ಮೊಳೆ. ತಕ್ಕಡಿ ಎಂದರೆ ಇಷ್ಟೇ. ಅದರಲ್ಲಿ ಮಕ್ಕಳು ಗೋಲಿ ತೂಗಿದರು, ಒಣ ಸ್ಪಂಜು ತೂಗಿದರು, ಅದನ್ನೇ ನೆನೆಸಿ ಮತ್ತೆ ತೂಗಿದರು. ಒಮ್ಮೆ ಹೆಡ್‌ಮಾಸ್ಟರರ ಕನ್ನಡಕವನ್ನೂ ತೂಗಿದರು. ಅದು ಮೂರು ಸೀಮೆಸುಣ್ಣಕ್ಕೆ ಸರಿಯಾಯಿತು. ಹೆಡ್‌ಮಾಸ್ಟರರಿಗೆ ಅದೇಕೋ ಅವಮಾನ ಅನ್ನಿಸಿತು.

ನಾನು ಪಕ್ಕದ ಕೋಣೆಯ ಐದನೇ ತರಗತಿಯ ಟೀಚರ್. ಗೋಡೆಗೂ ಕಿವಿಯಿದೆ ಅನ್ನುತ್ತಾರೆ, ನಮ್ಮಿಬ್ಬರ ನಡುವಿನ ಗೋಡೆಗೆ ಬಾಯಿಯೂ ಇತ್ತು. ನಾನು ಇಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದರೆ ಅಲ್ಲಿಂದ ‘ಮುಳುಗ್ತು!’ ‘ಇಲ್ಲ, ತೇಲ್ತಿದೆ!’ ಎಂಬ ಜಗಳ. ತಲೆ ಚಿಟ್ಟುಹಿಡಿಯುತ್ತಿತ್ತು. ಜಗಳವಾಡಲೆಂದೇ ಎಷ್ಟೋ ಸಲ ಅತ್ತ ಹೋಗಿದ್ದೇನೆ, ಹೋದವಳು ನೀರಿನ ಬಕೆಟ್ಟಿನ ಮುಂದೆ ಬಗ್ಗಿ ನೋಡುತ್ತ ನಿಂತಿದ್ದೇನೆ.

ಅವಳ ಹತ್ತಿರ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಚಿಕ್ಕವಳಿದ್ದಾಗ ಅರ್ಧಕ್ಕಿಂತ ನಾಲ್ಕನೇ ಒಂದು ಭಾಗವೇ ದೊಡ್ಡದು ಎಂದುಕೊಂಡಿದ್ದಳಂತೆ, ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂಬ ಲೆಕ್ಕದಲ್ಲಿ. ಹೊಲಿಗೆ ಕಲಿಯುತ್ತಿದ್ದ ಅಕ್ಕ ಒಂದು ದಿನ ದಾರ ಮಡಿಸಿ ಕತ್ತರಿಸಿ ಕೈಗಿಟ್ಟ ಮೇಲೆ ಬುದ್ಧಿ ಬಂತು. ಅಲ್ಲಿಂದ ಅವಳಿಗೆ ಕೈಗೆ ಸಿಕ್ಕಿದ್ದರ ಮೇಲೆ ಮಾತ್ರ ನಂಬಿಕೆ. ಗಂಡ ಬೀಗ ರಿಪೇರಿಯವನು, ಹಳೆಯ ಸ್ಪ್ರಿಂಗು, ಕೀಲಿಕೈಗಳನ್ನು ಚೀಲದಲ್ಲಿ ತುಂಬಿ ಕೊಡುತ್ತಿದ್ದ. ಅತ್ತೆ ಮಾತ್ರ ಬಂದವರೆದುರಿಗೆಲ್ಲ, “ನಮ್ಮನೇಲಿ ಪಾತ್ರೆಗೆ ಮುಚ್ಚಳ ಇಲ್ಲ, ಇವಳ ಸ್ಕೂಲಲ್ಲಿ ಮುಚ್ಚಳಕ್ಕೆ ಪಾತ್ರೆ ಇಲ್ಲ” ಎನ್ನುತ್ತಿದ್ದರು.

ಆ ತರಗತಿಯಲ್ಲಿ ಒಂದು ಕಟ್ಟಳೆಯಿತ್ತು. ಮೊದಲು ಏನಾಗಬಹುದು ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಮಾಡಿ ನೋಡಬೇಕು. ಕೊನೆಗೆ ಅವಳು ಕೇಳುತ್ತಿದ್ದಳು: “ಏನ್ ಕಾಣ್ತು?” ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಅಂದುಕೊಂಡದ್ದು ತಪ್ಪಾಗಿದ್ದರೆ ಯಾರೂ ನಗುವಂತಿಲ್ಲ. ತಕ್ಕಡಿ ಎಡವಟ್ಟು ಮಾಡಿದರೆ ಅವತ್ತು ಹಬ್ಬವೇ. ಏಕೆ ಹೀಗಾಯಿತು ಎಂದು ಹುಡುಕುವುದರಲ್ಲೇ ಗಂಟೆ ಹೊಡೆಯುತ್ತಿತ್ತು.

ಇದಕ್ಕೆಲ್ಲ ಅವಳಿಗೊಂದು ಕೋಣೆಯಿತ್ತು. ಮುರಿದ ಬೆಂಚುಗಳನ್ನು ತುಂಬಿದ್ದ ಜಾಗವನ್ನು ಅವಳೇ ಗುಡಿಸಿ, ಸುಣ್ಣ ಬಳಿದು, ಕಪಾಟು ನಿಲ್ಲಿಸಿಕೊಂಡಿದ್ದಳು. ಆ ವರ್ಷ ಅದನ್ನು ಕಚೇರಿ ಮಾಡುವ ಮಾತು ಎದ್ದಿತು. ಮೇಲಧಿಕಾರಿಯೊಬ್ಬರು ಬಂದು ಒಂದು ಪಾಠ ನೋಡುತ್ತಾರೆ, ಮೆಚ್ಚಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ ಎಂದಾಯಿತು. ಕೋಣೆ ಹೋದರೆ ಬಕೆಟ್ಟು, ತಕ್ಕಡಿ, ಜೇಡಿಮಣ್ಣು ಎಲ್ಲ ಹೋದಂತೆಯೇ. ಉಳಿದವರಂತೆ ಅವಳೂ ಕಪ್ಪುಹಲಗೆಯ ಮುಂದೆ ನಿಂತು ಬರೆಸಬೇಕು.

ಹೆಡ್‌ಮಾಸ್ಟರರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ.

“ಮಕ್ಕಳಿಗೆ ಒಂದ್ ನಾಲ್ಕ್ ಸಲ ಪ್ರಾಕ್ಟೀಸ್ ಮಾಡ್ಸಿಬಿಡಿ ಮೇಡಂ,” ಎಂದರು. “ಅವ್ರ ಮುಂದೆ ಏನಾದ್ರೂ ಎಡವಟ್ಟಾದ್ರೆ ನಾನೂ ಏನೂ ಮಾಡಕ್ಕಾಗಲ್ಲ.”

“ಪ್ರಯೋಗಕ್ಕೆ ಪ್ರಾಕ್ಟೀಸ್ ಏನ್ ಸರ್? ಏನಾಗತ್ತೆ ಅಂತ ಗೊತ್ತಿದ್ಮೇಲೆ ಮಾಡೋದ್ಯಾಕೆ?”

“ರೂಮ್ ಬೇಕೋ ಬೇಡ್ವೋ?”

ಬೇಕಿತ್ತು. ಅವಳು ಒಪ್ಪಿಕೊಂಡಳು.

ಪಾಠ ಸರಳವಾದದ್ದು. ಜೇಡಿಮಣ್ಣಿನ ಎರಡು ಉಂಡೆ ತೂಗಿ ಸಮ ಮಾಡುವುದು. ಒಂದನ್ನು ತಟ್ಟಿ ಚಪ್ಪಟೆ ಮಾಡುವುದು. ಅಗಲವಾದದ್ದೇ ಭಾರ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಮತ್ತೆ ತೂಗಿದರೆ ಎರಡೂ ಸಮ, ಆಕಾರ ಬದಲಾದರೂ ತೂಕ ಬದಲಾಗದು. ಮೊದಲ ದಿನ ಗೋಡೆಯಾಚೆ ಎಂದಿನ ಗಲಾಟೆಯೇ ಇತ್ತು. ಎರಡನೇ ದಿನ ಸ್ವಲ್ಪ ಕಡಿಮೆಯಾಯಿತು. ಆಮೇಲಾಮೇಲೆ ಎಲ್ಲರೂ ಒಂದೇ ದನಿಯಲ್ಲಿ ‘ಸಮ!’ ಎನ್ನತೊಡಗಿದರು. ನನ್ನ ಭಾಗಾಕಾರಕ್ಕೆ ಅಂಥ ನೆಮ್ಮದಿ ಹಿಂದೆಂದೂ ಸಿಕ್ಕಿರಲಿಲ್ಲ. ಆದರೂ ಏನೋ ಕಸಿವಿಸಿ. ಇಣುಕಿ ನೋಡಿದರೆ ಹ್ಯಾಂಗರ್ ಇನ್ನೂ ತೂಗಾಡುತ್ತಿತ್ತು, ಅದು ನಿಲ್ಲುವ ಮೊದಲೇ ಮಕ್ಕಳು ಕೂಗಿ ಮುಗಿಸಿದ್ದರು.

ಗುಂಪಿಗೆ ಸೇರದೆ ಉಳಿದವಳು ಒಬ್ಬಳೇ. ಎಲ್ಲದಕ್ಕೂ ‘ಅದು ಹೇಗೆ?’ ಎನ್ನುವ ಗುಂಗುರು ಕೂದಲಿನ ಹುಡುಗಿ, ಅಡ್ಡಹೆಸರು ತಕರಾರು. “ಟೀಚರ್, ನಿನ್ನೆನೂ ನೋಡಿದ್ವಲ್ಲ, ಮತ್ತೆ ಯಾಕೆ?” ಎಂದು ದಿನಾ ಕೇಳುತ್ತಿದ್ದಳು. ಅವಳನ್ನು ಪಕ್ಕಕ್ಕೆ ಕರೆದು, ಕೋಣೆಯ ವಿಷಯವನ್ನು ತಕ್ಕಡಿ ಟೀಚರ್ ಇದ್ದದ್ದಿದ್ದ ಹಾಗೆ ತಿಳಿಸಿದಳು. ಮಕ್ಕಳಿಗೆ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಅಧಿಕಾರಿಗಳು ಬಂದರು, ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕುಳಿತರು. ನಾನೂ ಹೆಡ್‌ಮಾಸ್ಟರರೂ ಕಿಟಕಿಯ ಪಕ್ಕ ನಿಂತೆವು. ಮಕ್ಕಳು ಉಂಡೆಗಳನ್ನು ತೂಗಿದರು, ಸಮವಾಯಿತು. ಒಬ್ಬ ಹುಡುಗ ತನ್ನ ಉಂಡೆಯನ್ನು ಮೇಜಿನ ಮೇಲೆ ಬಲವಾಗಿ ತಟ್ಟಿದ. ಮಣ್ಣು ಅವತ್ತು ಕೊಂಚ ಹೆಚ್ಚು ಹಸಿಯಾಗಿತ್ತು. ಎತ್ತುವಾಗ ಒಂದು ದಪ್ಪ ತುಣುಕು ಮೇಜಿಗೇ ಅಂಟಿಕೊಂಡಿತು. ಅವನು ನೋಡಲಿಲ್ಲ, ಉಳಿದದ್ದನ್ನು ಮುಚ್ಚಳದ ಮೇಲಿಟ್ಟ. ಹ್ಯಾಂಗರ್ ತೂಗಾಡಿ ನಿಂತಿತು. ಉಂಡೆಯ ಕಡೆ ಕೆಳಗೆ, ಚಪ್ಪಟೆಯ ಕಡೆ ಮೇಲೆ. ಕುರುಡನಿಗೂ ಕಾಣುವಷ್ಟು ವಾರೆಯಾಗಿತ್ತು.

“ಏನ್ ಕಾಣ್ತು?” ಎಂದಳು ತಕ್ಕಡಿ ಟೀಚರ್. ಬಾಯಿಗೆ ಅಭ್ಯಾಸವಾದ ಮಾತು, ತಡೆಯುವಷ್ಟರಲ್ಲಿ ಬಂದುಬಿಟ್ಟಿತ್ತು.

“ಸಮ!” ಎಂದಿತು ಇಡೀ ತರಗತಿ.

ಅವಳ ಮುಖ ಬಿಳಿಚಿಕೊಂಡಿತು. ಅವಳ ಕಣ್ಣು ತಕರಾರಿನ ಕಡೆ ಹೋಯಿತು. ಹುಡುಗಿ ತಕ್ಕಡಿಯನ್ನು ನೋಡಿದಳು. ಕತ್ತನ್ನು ಓರೆ ಮಾಡಿ ಸರಿಯಾಗಿಯೇ ನೋಡಿದಳು. ಆಮೇಲೆ ಟೀಚರನ್ನು ನೋಡಿ, “ಸಮ ಟೀಚರ್,” ಎಂದಳು.

“ಸರ್, ತಕ್ಕಡಿ ವಾರೆ ಇದೆ,” ಎಂದಳು ತಕ್ಕಡಿ ಟೀಚರ್, ಅಧಿಕಾರಿಗಳ ಕಡೆ ತಿರುಗಿ. “ಮಣ್ಣು ಮೇಜಿಗೆ ಅಂಟ್ಕೊಂಡಿದೆ. ಮಕ್ಕಳು ಹೇಳಿದ್ದು ತಪ್ಪು.”

ಹೆಡ್‌ಮಾಸ್ಟರರು ಹಣೆ ಒರೆಸಿಕೊಂಡರು. ಅಧಿಕಾರಿಗಳು ನಕ್ಕರು.

“ತಪ್ಪೆಲ್ಲಿ ತಾಯಿ? ಉತ್ತರ ಸರಿಯಾಗೇ ಇದೆಯಲ್ಲ. ತಕ್ಕಡಿ ಕೆಟ್ರೂ ಮಕ್ಕಳು ಕೆಡಲಿಲ್ಲ, ಅದೇ ಅಲ್ವಾ ಬೇಕಾಗಿದ್ದು? ಭೇಷ್.”

ಕೋಣೆ ಉಳಿಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಕೈ ಕುಲುಕಿದರು. ಅವಳು ಕುರ್ಚಿಯ ತುದಿಯಲ್ಲಿ ಕುಳಿತು ಉಗುರಿನ ಸಂದಿಯ ಮಣ್ಣು ಕೆರೆಯುತ್ತಿದ್ದಳು. ಗಿಳಿಪಾಠ ಒಪ್ಪಿಸಿದವಳಿಗೆ ಇಷ್ಟು ಸಂಕಟವಾಗುವುದನ್ನು ನಾನು ಮೊದಲ ಸಲ ನೋಡಿದೆ. ನಾವೆಲ್ಲ ಅದನ್ನೇ ಒಪ್ಪಿಸಿ ನೆಮ್ಮದಿಯಾಗಿ ಸಂಬಳ ತಗೊಳ್ಳುವವರು.

ಸಂಜೆ ಗೇಟಿನ ಹತ್ತಿರ ಅವಳು ತಕರಾರನ್ನು ನಿಲ್ಲಿಸಿ ಕೇಳಿದಾಗ ನಾನೂ ಜೊತೆಗಿದ್ದೆ.

“ನಿಜ ಹೇಳು. ನಿಂಗೆ ಏನ್ ಕಾಣ್ತು?”

“ವಾರೆ ಇತ್ತು ಟೀಚರ್. ಈ ಕಡೆ ಕೆಳಗೆ.”

“ಮತ್ತೆ ಸಮ ಅಂದ್ಯಲ್ಲ?”

“ವಾರೆ ಅಂದಿದ್ರೆ ನಿಮ್ ರೂಮ್ ಹೋಗ್ತಿರ್ಲಿಲ್ವಾ?”

ತಕ್ಕಡಿ ಟೀಚರ್ ಅವಳ ಮುಂಗುರುಳು ನೇವರಿಸಿ ಕಳಿಸಿದಳು.

ಮಾರನೆಯ ದಿನವೇ ಅವಳು ಮಕ್ಕಳೆದುರು ತಪ್ಪು ತನ್ನದೆಂದು ಹೇಳಿದಳು. ಇನ್ನು ಪ್ರಾಕ್ಟೀಸ್ ಇಲ್ಲ, ಕಂಡದ್ದನ್ನೇ ಹೇಳಿ ಎಂದಳು. ಮಕ್ಕಳು ‘ಹೂಂ ಟೀಚರ್’ ಎಂದರು. ಸ್ಪಂಜು ನೆನೆಸಿದರು, ಕೀಲಿಕೈ ತೂಗಿದರು, ಬಕೆಟ್ಟಿನಲ್ಲಿ ಮುಚ್ಚಳ ತೇಲಿಸಿದರು. ಕೋಣೆಯಲ್ಲಿ ಎಲ್ಲವೂ ಮೊದಲಿನಂತೆಯೇ ಇತ್ತು. ಆದರೆ ಆ ವರ್ಷ ಮುಗಿಯುವವರೆಗೂ, ಅವಳು ‘ಏನ್ ಕಾಣ್ತು?’ ಎಂದು ಕೇಳಿದಾಗಲೆಲ್ಲ, ಮಕ್ಕಳು ಮೊದಲು ಅವಳ ಮುಖ ನೋಡುತ್ತಿದ್ದರು.