ನಂಜೇಗೌಡರ ಒನ್ಸ್ ಮೋರ್

ನಂಜೇಗೌಡರ ಕಾದಂಬರಿಗಳಲ್ಲಿ ಸತ್ತವರು ಸತ್ತೇ ಹೋಗುತ್ತಿದ್ದರು. ಯಾರ ಕನಸಿಗೂ ಬರುತ್ತಿರಲಿಲ್ಲ. ಕೆ.ಆರ್. ನಗರದ ಬಸ್ಸಿನಲ್ಲಿ ಓದುಗನೊಬ್ಬ, "ಆ ಹುಡುಗೀನ ಉಳಿಸ್ಬೋದಿತ್ತಲ್ಲ ಗೌಡ್ರೇ" ಎಂದು ಗೋಳಾಡಿದಾಗ, "ಬರೆಯೋನು ಕಣಯ್ಯ ನಾನು, ಬ್ರಹ್ಮ ಅಲ್ಲ. ಅತ್ಕೊಂಡು ಓದು, ಕಣ್ಣೊರೆಸ್ಕೊಂಡು ಇಳ್ಕೊ" ಎಂದುಬಿಟ್ಟಿದ್ದರು. ಸಾಲಿಗ್ರಾಮದ ಆ ಮನುಷ್ಯನ ಬಾಯಿ ಅಂಥದ್ದು. ಅಚ್ಚಿನಲ್ಲಿ ಒಂದು ಮಾತು ಬದಲಾದರೂ ಪ್ರಕಾಶಕರ ಜನ್ಮ ಜಾಲಾಡುತ್ತಿದ್ದರು.

ಅವರ ಒಬ್ಬಳೇ ಮಗಳು ಸುಮ ಕಾವೇರಿಯಲ್ಲಿ ಕಾಲು ಜಾರಿ ತೀರಿಕೊಂಡಳು. ಆಮೇಲೆ ಗೌಡರು ಬರೆದದ್ದು ಒಂದೇ ಕಾದಂಬರಿ. ಅದರ ಕೊನೆಯಲ್ಲೂ ಹುಡುಗಿ ನೀರುಪಾಲಾಗುತ್ತಾಳೆ. ಅದನ್ನೇ ಮೊದಲಿಂದ ಕೊನೆವರೆಗೂ ಹಾಡಿನಲ್ಲೇ ಸಾಗುವ ನಾಟಕ ಮಾಡಿ, ನನ್ನ ಹಾರ್ಮೋನಿಯಂ ಮುಂದೆ ಬಂದು ಕೂತರು. ನಾನು ಊರೂರಿಗೆ ನಾಟಕ ಕಲಿಸುವ ಮೇಷ್ಟ್ರು. "ರಾಗ ನಿಮ್ದು, ಮಾತು ನಂದು. ಮಾತಿಗೆ ಕೈ ಹಾಕುದ್ರೆ ನಿಮ್ ಪೆಟ್ಟಿಗೆ ಒಲೆಗೆ ಆಕ್ತೀನಿ" ಎಂದರು. ಹಾಕುವ ಮನುಷ್ಯನೇ.

ಸಾಲಿಗ್ರಾಮದಲ್ಲಿ ಮೊದಲ ಪ್ರಯೋಗ. ನಮ್ಮ ಕಡೆ ಹಾಡು ಹಿಡಿಸಿದರೆ ಜನ 'ಒನ್ಸ್ ಮೋರ್' ಎನ್ನದೆ ಬಿಡುವುದಿಲ್ಲ. ಸತ್ತ ಪಾತ್ರವಾದರೂ ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಅಂದು ಹುಡುಗಿ ಸಾಯುವ ಹಾಡಿಗೂ ಕೂಗಿದರು. ಪಾತ್ರ ಮಾಡಿದ್ದ ಹುಡುಗಿ ಸೆರಗು ಸರಿಮಾಡಿಕೊಂಡು ಎದ್ದಳು. ಗೌಡರು ಇನ್ನೇನು ಸ್ಟೇಜಿಗೆ ನುಗ್ಗುತ್ತಾರೆಂದು ನಾನು ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ನೋಡಿದರೆ, ಪರದೆಯ ಪಕ್ಕ ನಿಂತಿದ್ದ ಅವರು ಎರಡೂ ಕೈಯೆತ್ತಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು: "ಒನ್ಸ್ ಮೋರ್! ಏಳವ್ವ, ಏಳು!"

ಅಲ್ಲಿಂದಾಚೆ ಅವರು ಕಾದಂಬರಿ ಬರೆಯಲಿಲ್ಲ. ಹ್ಯಾಂಡ್‌ಪೋಸ್ಟ್, ಪಿರಿಯಾಪಟ್ಟಣ, ಯಾವ ಊರಲ್ಲೇ ನಾಟಕ ಆಡಲಿ, ಬಂದು ಪರದೆಯ ಪಕ್ಕವೇ ನಿಲ್ಲುತ್ತಿದ್ದರು. "ಪುಸ್ತಕದಲ್ಲಿ ಎಷ್ಟ್ ಕೂಗುದ್ರೂ ಏಳಲ್ಲ ಮೇಷ್ಟ್ರೇ. ಇಲ್ಲಿ ಏಳ್ತಾಳೆ" ಎನ್ನುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಅವರ ಹೆಂಡತಿ ದೇವಮ್ಮ ಮಾತ್ರ ಒಂದು ಸಲವೂ ನಾಟಕಕ್ಕೆ ಬರಲಿಲ್ಲ. ಕರೆದರೆ, "ಎದ್ದೋಳು ಮತ್ತೆ ಮಲಗ್ತಾಳಲ್ಲ ಕಣಪ್ಪ. ಅದ್ನ ಎಂಗ್ ನೋಡ್ಲಿ?" ಎನ್ನುತ್ತಿದ್ದರು.

ಹೋದ ವರ್ಷ ಗೌಡರು ತೀರಿಕೊಂಡರು. ಅವರ ನೆನಪಿಗೆಂದು ಗಾವಡಗೆರೆಯಲ್ಲಿ ನಾಟಕ ಆಡಿದಾಗ ದೇವಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತರು. ಹಾಡು ಮುಗಿಯಿತು, ಹುಡುಗಿ ಮಲಗಿದಳು, ಜನ ಕೂಗಿದರು. ಪರದೆಯ ಪಕ್ಕ ಯಾರೂ ಇರಲಿಲ್ಲ. ನಾನು ಅಭ್ಯಾಸಬಲದಿಂದ ಮತ್ತೆ ಶ್ರುತಿ ಹಿಡಿದೆ. ದೇವಮ್ಮ ಎದ್ದು, ಜನರ ಕಡೆ ತಿರುಗಿ ಕೈಮುಗಿದರು.

"ಸಾಕು ಕಣ್ರಪ್ಪ. ಎಬ್ಬಿಸೋ ಅಪ್ಪನೂ ಇಲ್ಲ. ಮಗು ಮಲಗ್ಲಿ ಬುಡಿ."

ನಾನು ಪೆಟ್ಟಿಗೆ ಮುಚ್ಚಿದೆ.