ಸಣ್ಣಯ್ಯನ ಎಂಟನೇ ಲೆವೆಲ್

ನಂಜನಗೂಡು ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಸಣ್ಣಯ್ಯನಿಗೆ ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ! ಅವನು ಬಾಗಿಲಲ್ಲಿ ನಿಂತರೆ ಒಳಗೆ ಬೆಳಕೇ ಬರುತ್ತಿರಲಿಲ್ಲ. ಬೆಳಿಗ್ಗೆ ಗರಡಿಯಲ್ಲಿ ಸಾಮು, ಆಮೇಲೆ ಸೆಂಟರಿನಲ್ಲಿ ಗೇಮು. ನಾನು ಹೈಸ್ಕೂಲ್ ಕನ್ನಡ ಮೇಷ್ಟ್ರು. ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಹೋಗಿ ಅದೇ ಹುಚ್ಚು ಹತ್ತಿಸಿಕೊಂಡೆ.

ಎರಡು ಸಾವಿರದ ಮೂರನೇ ಇಸವಿ. ಅವನ ಗೇಮಿನ ಆಳು ಏಳನೇ ಲೆವೆಲ್‌ನ ಫೈಟರ್. ಒಂದು ಮಧ್ಯಾಹ್ನ ಆ ಆಳನ್ನು ಮಂತ್ರಗಾರನಾಗಿ ಬದಲಾಯಿಸಿದೆವು. ಕೂಡಲೇ ಮೈಮೇಲಿನ ಕವಚ ಮಾಯವಾಗಿ, ನಿಲುವಂಗಿ ತೊಟ್ಟ ನರಪೇತಲ ಉಳಿದ.

"ಹಳೇ ವಿದ್ಯೆ ಎಲ್ಲೋಯ್ತು ಸಾ?"

"ಎಲ್ಲೂ ಹೋಗಿಲ್ಲ, ಮಲಗಿದೆ. ಮಂತ್ರದಲ್ಲಿ ಎಂಟನೇ ಲೆವೆಲ್ ಮುಟ್ಟಿದ್ರೆ ತಾನಾಗಿ ಏಳುತ್ತೆ. ಆಮೇಲೆ ಎರಡೂ ಅವನದೇ."

"ಹಂಗಾರೆ ಒಂದೇ ಮೈನಲ್ಲಿ ಎರಡೂ ಇಟ್ಕೋಬೋದು ಅಂತೀರಾ?"

"ಧಾರಾಳವಾಗಿ" ಎಂದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಅವನು ಕೇಳಿದ್ದು ಗೇಮಿನ ಮಾತಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅವನ ಊರು ಹೆಮ್ಮರಗಾಲದಲ್ಲಿ ಅವನಪ್ಪ ಮಹದೇವಯ್ಯ ಹನ್ನೊಂದು ದಿನದಿಂದ ಜೀವ ಹೋಗದೆ ಒದ್ದಾಡುತ್ತಿದ್ದ. ಮುದುಕನ ಬಳಿ ಚೇಳಿನ ವಿಷ ಇಳಿಸುವ ಮಂತ್ರವಿತ್ತು. ಯಾರ ಕಿವಿಗಾದರೂ ಹಾಕುವ ತನಕ ಬಿಡುಗಡೆಯಿಲ್ಲ ಎಂಬುದು ಆ ಮನೆಯ ನಂಬಿಕೆ. ಆದರೆ ಮಂತ್ರ ಹಿಡಿದವನನ್ನು ಅವನ ಮೊದಲ ವಿದ್ಯೆ ಬಿಟ್ಟುಹೋಗುತ್ತದಂತೆ. ಗರಡಿಯ ಮೈ ಹೋದೀತೆಂದೇ ಸಣ್ಣಯ್ಯ ಅಪ್ಪನ ಹತ್ತಿರ ಸುಳಿಯದೆ ಸೆಂಟರಿನಲ್ಲಿ ಅಡಗಿದ್ದ.

ಆ ಸಂಜೆಯೇ ಹೋಗಿ ಕಿವಿ ಕೊಟ್ಟ. ಅಪ್ಪ ಹೇಳಿ ಮುಗಿಸಿದ, ಉಸಿರೂ ಮುಗಿಯಿತು.

ಗೇಮಿನ ಆಳು ಹದಿನೈದೇ ದಿನದಲ್ಲಿ ಎಂಟನೇ ಲೆವೆಲ್ ಮುಟ್ಟಿ ಮತ್ತೆ ಕವಚ ತೊಟ್ಟ. ಸಣ್ಣಯ್ಯ ಮಾತ್ರ ತಿಂಗಳು ತಿಂಗಳಿಗೆ ಸೊರಗಿದ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಚೇಳು ಕಡಿದವರು ಅವನ ಬಳಿ ಅಳುತ್ತಾ ಬಂದು ನಗುತ್ತಾ ಹೋಗುತ್ತಿದ್ದರು. "ಹಳೇದು ಮಲಗ್ಯದೆ ಸಾ, ಎದ್ದೇಳ್ತದೆ" ಎನ್ನುತ್ತಿದ್ದ. ನನಗೆ ಅವನ ಮುಖ ನೋಡಲು ಭಯವಾಗುತ್ತಿತ್ತು.

ಐದು ವರ್ಷ ಕಳೆದ ಮೇಲೆ ಹೆಮ್ಮರಗಾಲದಿಂದ ಕರೆ ಬಂತು. ಚಾಪೆಯ ಮೇಲೆ ಬಿದ್ದಿದ್ದ ಸಣ್ಣಯ್ಯನ ತೋಳನ್ನು ನಾನು ಮಡಚಿಟ್ಟ ಟವೆಲ್ ಅಂದುಕೊಂಡೆ.

"ಇನ್ನೆಷ್ಟು ಲೆವೆಲ್ ಸಾ?"

ನಾನು ಚಾಪೆಯ ಅಂಚಿನಲ್ಲಿ ಕೂತೆ.

"ಗರಡಿಯೋರು ಎಲ್ಲಾ ಮಂತ್ರ ಒಲ್ಲೆ ಅಂದ್ರು. ನೀವು ಮೇಷ್ಟ್ರು, ಕಳ್ಕೊಳಕ್ಕೆ ಮೈನಲ್ಲಿ ಏನದೆ? ಕಿವಿ ತನ್ನಿ."

ನಕ್ಕು ಎದ್ದು ಬರಬಹುದಿತ್ತು. ಆದರೆ ಎರಡೂ ಇಟ್ಟುಕೋ ಎಂದವನು ನಾನು. ಬಗ್ಗಿದೆ. ಅವನ ತುಟಿ ಆಗಲೇ ತಣ್ಣಗಿತ್ತು. ನಾಲ್ಕು ಮಾತು, ಅಷ್ಟೇ. ಸಣ್ಣಯ್ಯ ಹಗುರಾದ, ಉಸಿರು ನಿಂತಿತು.

ಸೋಮವಾರ ಎಂದಿನಂತೆ ಕ್ಲಾಸಿಗೆ ಹೋಗಿ, ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಲು ಸೀಮೆಸುಣ್ಣ ಎತ್ತಿದೆ. ಒಂದಕ್ಷರವೂ ಮೂಡಲಿಲ್ಲ. ಮಕ್ಕಳು ಕಾದರು.

ಇದನ್ನು ನಾನು ಹೇಳುತ್ತಿದ್ದೇನೆ. ಬರೆದುಕೊಳ್ಳುತ್ತಿರುವವಳು ನನ್ನ ಮಗಳು ಕವನ.