ಹೆಚ್ಚು ಕೊಟ್ಟ ಉಸಿರು

ಹೋದ ಭಾನುವಾರ ಮುಲುಂಡಿನಲ್ಲಿ ನನ್ನ ಗೆಳೆಯ ಗಣಪಯ್ಯನ ಮನೆಗೆ ಕೈಗಾಡಿಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಬಂತು. ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ. ಹೆಂಡತಿ ಗಿರಿಜಾ ಐದು ತಿಂಗಳ ಬಸುರಿ, ಅಷ್ಟೆ.

ಅದನ್ನು ಎರಡನೆಯ ಮಹಡಿಗೆ ಹತ್ತಿಸುವಾಗ ಇಡೀ ಬಿಲ್ಡಿಂಗ್ ಬಾಗಿಲಿಗೆ ಬಂದು ನಿಂತಿತ್ತು. "ವೆಲ್ಡಿಂಗ್ ಅಂಗಡಿ ಹಾಕ್ತೀರಾ ಶೇಟ್?" ಎಂದು ಕೆಳಗಿನ ಮನೆಯ ಮರಾಠಿ ಮುದುಕರು ಕೇಳಿದರು. ಗಣಪಯ್ಯ ನಕ್ಕ. ಹೊಸ ಎಮ್ಮೆ ತಂದವನ ಹಾಗೆ ಆ ಕಬ್ಬಿಣದ ಬೆನ್ನು ತಟ್ಟಿ ನನಗೆ ಹೇಳಿದ: "ಈ ಸಲ ಯಾರ ಕಾಲೂ ಹಿಡೀಲಿಕ್ಕಿಲ್ಲ ಮಾರಾಯ. ನಮ್ಮದೇ ಉಂಟು."

ಮಗಳು ಲಲಿತಾ ಗೋಡೆ ಸವರಿಕೊಂಡು ಬಂದಳು. ತಣ್ಣಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟಳು. "ಅಪ್ಪಯ್ಯ, ಇದೆಂತ?"

"ನಿನ್ನನ್ನು ಉಳಿಸಿದ್ದು ಇದೇ ಮಗಾ."

ಲಲಿತೆಗೆ ಮೂರು ವರ್ಷ. ಎರಡು ಕಣ್ಣೂ ಕಾಣುವುದಿಲ್ಲ.

ಗಣಪಯ್ಯನನ್ನು ನಿಮಗೆ ಪರಿಚಯಿಸಬೇಕು (ಹೆಸರುಗಳನ್ನು ಬದಲಿಸಿದ್ದೇನೆ). ನಾವಿಬ್ಬರೂ ಉಡುಪಿ ಕಡೆಯವರು, ಒಂದೇ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು. ನಾನು ರಾತ್ರಿ ಶಾಲೆ ಸೇರಿದೆ, ಆಮೇಲೆ ಕಾಲೇಜು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲಿಗ ನಾನೇ, ಬಿ.ಎಸ್ಸಿ.ಯೂ ಆದೆ. (ಇದನ್ನು ಈ ಪೇಪರಿನಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಪುಕ್ಕಟೆ ಬಂದದ್ದಲ್ಲ.) ಈಗ ಒಂದು ಸರಕಾರಿ ಆಸ್ಪತ್ರೆಯ ಲ್ಯಾಬೊರೇಟರಿಯಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಗಣಪಯ್ಯ ಹೋಟೆಲು ಬಿಡಲಿಲ್ಲ. ಇವತ್ತು ಅವನದೇ ಹೋಟೆಲಿದೆ. ಅಲ್ಲಿ ಗಿರಾಕಿ ಸಾಂಬಾರನ್ನು ಎರಡು ಸಲ ಕೇಳಬೇಕಾಗಿ ಬಂದರೆ ಬಡಿಸುವವನಿಗೆ ಬೈಗುಳ. "ಸಾಕು" ಎಂದವನ ತಟ್ಟೆಗೂ ಇನ್ನೊಂದು ಸೌಟು ಬೀಳಬೇಕು.

ನಮ್ಮಲ್ಲಿ ಎಲ್ಲರೂ ಹಾಗೆಯೇ ಅಲ್ಲವೇ? ಎಲೆಯ ಮುಂದೆ ಕೂತವನು "ಸಾಕು" ಎಂದರೆ ಅದನ್ನು ನಂಬುವ ಮನೆ ಯಾವುದು?

ಲಲಿತೆ ಹೊಟ್ಟೆಯಲ್ಲಿದ್ದಾಗ ಗಿರಿಜಾ ಬಯಕೆಯ ಶಾಸ್ತ್ರ ಮುಗಿಸಿಕೊಂಡು ಮಂಗಳೂರಿನ ಸ್ಟೀಮರ್ ಹತ್ತಿ ತವರಿಗೆ ಹೋಗುವವರಿದ್ದರು. ಬಯಕೆಯ ಸೀರೆ ಉಡುವ ಮೊದಲೇ ನೋವು ಬಂತು. ಏಳನೆಯ ತಿಂಗಳು. ಮಗು ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇರಲಿಲ್ಲ, ಮೈಯೆಲ್ಲ ನೀಲಿ. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವಿಲಾಯತಿಯಿಂದ ತರಿಸಿದ ಗಾಜಿನ ಪೆಟ್ಟಿಗೆ ಇತ್ತು. ಮಗುವನ್ನು ಬೆಚ್ಚಗಿಡುತ್ತದೆ, ಒಳಕ್ಕೆ ಆಕ್ಸಿಜನ್ ಬಿಡುತ್ತದೆ. ಅದರೊಳಗೆ ಮಗು ಕೆಂಪಗಾಯಿತು. ಕೆಲವು ದಿನ ಕಳೆದ ಮೇಲೆ ಅಲ್ಲಿಯ ಡಾಕ್ಟರ್, "ಬಣ್ಣ ಬಂದಿದೆ, ಆಕ್ಸಿಜನ್ ಇನ್ನು ಸಾಕು" ಎಂದರು.

ಗಣಪಯ್ಯನಿಗೆ ಸಾಕು ಎಂದರೆ ಆಗುತ್ತದೆಯೇ? ಮರುದಿನದಿಂದ ಟಿಫಿನ್ ಕ್ಯಾರಿಯರಿನಲ್ಲಿ ಬಿಸಿ ಇಡ್ಲಿ, ವಡೆ ತುಂಬಿಸಿಕೊಂಡು ಹೋದ. ನರ್ಸುಗಳಿಗೆ, ಆಯಾಗಳಿಗೆ. ಡಾಕ್ಟರ್ ರೌಂಡ್ ಮುಗಿಸಿ ಕೆಳಗಿಳಿದರೆ ಆಕ್ಸಿಜನ್ ಮತ್ತೆ ಹರಿಯುತ್ತಿತ್ತು. ಅವರು ಬರುವ ಹೊತ್ತಿಗೆ ನಿಲ್ಲುತ್ತಿತ್ತು. ವಾರಗಟ್ಟಲೆ ಹೀಗೆ ನಡೆಯಿತು.

ಮಗು ಬದುಕಿತು. ಕಣ್ಣಿನೊಳಗೆ ಬೆಳ್ಳಗೆ ಏನೋ ಕಂಡದ್ದು ಕೆಲವು ತಿಂಗಳ ಮೇಲೆ. ದಿನ ತುಂಬದೆ ಹುಟ್ಟಿದ್ದಕ್ಕೆ ಹೀಗಾಯಿತು ಎಂದರು ಡಾಕ್ಟರುಗಳು. ಮನೆಯವರು ಹಣೆಬರಹ ಎಂದುಕೊಂಡರು. ಇಡ್ಲಿಯ ಕತೆಯನ್ನು ಮಾತ್ರ ಗಣಪಯ್ಯ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ: "ಡಾಕ್ಟರ್ ನಿಲ್ಲಿಸಿದ್ರು, ನನ್ನ ಇಡ್ಲಿ ನಡೆಸಿತು."

ಸಿಲಿಂಡರ್ ಬಂದ ಮರುದಿನ ಅದನ್ನೂ ಇಡ್ಲಿಯ ಕತೆಯನ್ನೂ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನ ಡಾಕ್ಟರಮ್ಮನಿಗೆ ಹೇಳಿದೆ. ಧಾರವಾಡದವರು, ಕನ್ನಡ ಮಾತಾಡಲು ಒಬ್ಬರು ಸಿಕ್ಕಿದರೆ ಊಟ ಮರೆಯುವವರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಆ ಕೂಸಿನ ಕಣ್ಣು ಹೆಂಗದಾವ್ರಿ?"

"ಕಾಣುವುದಿಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ವಾಸುದೇವರಾಯರ, ಕುಂಡ್ರಿ."

ಅವರು ಹೇಳಿದ್ದು ಇಷ್ಟು. ಅಮೆರಿಕ, ಇಂಗ್ಲೆಂಡಿನ ಡಾಕ್ಟರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರಂತೆ. ದಿನ ತುಂಬದ ಮಕ್ಕಳು ಬದುಕುತ್ತಿವೆ, ಆದರೆ ಕುರುಡಾಗುತ್ತಿವೆ, ಅದೂ ಬಲು ಒಳ್ಳೆಯ ಆಸ್ಪತ್ರೆಗಳಲ್ಲಿ. ಯಾಕೆ? ಈಗೀಗ ಕಾರಣ ಸಿಕ್ಕಿದೆ. ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್, ಬೇಕಾದ್ದಕ್ಕಿಂತ ಹೆಚ್ಚು ದಿನ. ಕಣ್ಣಿನ ಒಳಪದರದ ಎಳೆಯ ರಕ್ತನಾಳಗಳು ಅದರಿಂದ ಕೆಟ್ಟುಹೋಗುತ್ತವೆ.

"ನಮ್ಮ ವಾರ್ಡಿನ್ಯಾಗ ಏನೈತ್ರಿ? ಹತ್ತಿ, ಬಿಸಿನೀರಿನ ಬಾಟ್ಲಿ. ಭಾಳ ಕೂಸು ಸಾಯ್ತಾವ. ಆದ್ರ ಉಳದಾವು ಕಣ್ಣು ಬಿಟ್ಟು ನಮ್ಮ ಮಾರಿ ನೋಡ್ತಾವ," ಎಂದರು. "ಇದು ಇದ್ದವರ ಮನಿಗೆ ಬರೂ ಕುರುಡು."

ಅವರೇ ಮುಂದುವರಿಸಿದರು.

"ನಿಮ್ಮ ಗೆಳೆಯಾನ ತಪ್ಪು ಅಂತ ನಾ ಅನ್ನಂಗಿಲ್ಲ. ಆವಾಗ ಇಲ್ಲಿ ನಮಗೂ ಗೊತ್ತಿದ್ದಿಲ್ಲ. ಈಗ ಗೊತ್ತದ. ಒಮ್ಮೆ ದಿನಾ ತುಂಬದ ಹಡದಾಕಿ ಮತ್ತ ಹಂಗ ಹಡೀಬಹುದು. ನೀವು ಹೇಳದಿದ್ರ ಆತ ಮತ್ತ ಇಡ್ಲಿ ಹೊತ್ಕೊಂಡು ಬರ್ತಾನ."

"ಸಿಲಿಂಡರ್ ಬೇಡ" ಎಂದಷ್ಟೇ ಹೇಳಿದರೆ ಸಾಲದೇ? ಟ್ರೇನಿನಲ್ಲಿ ನೇತಾಡುತ್ತ ಇದನ್ನೇ ಯೋಚಿಸಿದೆ. ಸಾಲದು. ಡಾಕ್ಟರ ಮಾತು ಮೀರಿ ಒಮ್ಮೆ ಗೆದ್ದಿದ್ದೇನೆ ಎಂದು ನಂಬಿದವನು ಅವನು. ಕಾರಣ ಕೊಡದೆ ಕೇಳುವವನಲ್ಲ. ಕಾರಣವೋ, ಅವನ ಮನೆಯಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಿದೆ. ಹುಟ್ಟಲಿರುವ ಮಗುವಿನ ಕಣ್ಣು ಉಳಿಯಬೇಕಾದರೆ, ಹುಟ್ಟಿದ ಮಗುವಿನ ಕಣ್ಣು ಹೇಗೆ ಹೋಯಿತೆಂದು ಅಪ್ಪನಿಗೆ ಹೇಳಬೇಕು. ಇದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಗಣಪಯ್ಯನೊಬ್ಬನ ಮಾತಲ್ಲ ಇದು. ನಾವೆಲ್ಲ ಇಲ್ಲದೆ ಬೆಳೆದವರು. ಕೈಗೆ ನಾಲ್ಕು ಕಾಸು ಬಂದ ಮೇಲೆ ಮಕ್ಕಳಿಗೆ ಎಲ್ಲವೂ ಒಂದು ಹಿಡಿ ಜಾಸ್ತಿ. ಡಬ್ಬಿ ಹಾಲಿನ ಪುಡಿ ಒಂದು ಚಮಚ ಹೆಚ್ಚು. ಟಾನಿಕ್ ಇನ್ನೊಂದು ಗುಟುಕು. ಜ್ವರಕ್ಕೆ ಗುಳಿಗೆ ಬರೆದರೆ ಮುಖ ಸಣ್ಣದು ಮಾಡಿ, ಇಂಜೆಕ್ಷನ್ ಕೊಡುವ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತೇವೆ. ಭಾಂಡುಪಿನ ಚಾಳಿನಲ್ಲೂ ಅದೇ, ಗೋರೆಗಾಂವಿನ ಬಂಗಲೆಯಲ್ಲೂ ಅದೇ. ಕಡಿಮೆ ಕೊಡುವ ಡಾಕ್ಟರನ್ನು ಪ್ರೀತಿಯಿದ್ದವರು ಯಾರು ನಂಬುತ್ತಾರೆ?

ಗುರುವಾರ ರಜೆ ಹಾಕಿ ಗಣಪಯ್ಯನ ಹೋಟೆಲಿಗೆ ಹೋದೆ. ಊಟದವರು ಎದ್ದು ಹೋಗಿದ್ದರು, ಚಹಾದವರು ಇನ್ನೂ ಬಂದಿರಲಿಲ್ಲ. ಫ್ಯಾಮಿಲಿ ರೂಮಿನ ಪರದೆ ಎಳೆದು ಕೂತು ಹೇಳಿದೆ. ಸುತ್ತಿ ಬಳಸಲಿಲ್ಲ, ನನಗೆ ಬಾರದು.

ಮೊದಲು ನಕ್ಕ. "ಗಾಳಿ ಹೆಚ್ಚಾದರೆ ಕಣ್ಣು ಹೋಗ್ತದಾ? ಇದನ್ನು ಕಲೀಲಿಕ್ಕಾ ನೀನು ಅಷ್ಟು ವರ್ಷ ನಿದ್ದೆ ಬಿಟ್ಟದ್ದು?"

ನಾನು ನಗಲಿಲ್ಲ. ಅವನು ನನ್ನ ಮುಖ ನೋಡಿದ.

"ಯಾರು ಹೇಳಿದ್ದು?"

"ನಮ್ಮ ಡಾಕ್ಟರಮ್ಮ."

"ಅವರಿಗೆ ಯಾವಾಗ ಗೊತ್ತಾದದ್ದು?"

"ಲಲಿತೆ ಹುಟ್ಟಿದ ಮೇಲೆ."

"ಮತ್ತೆ ಆ ನರ್ಸಿಂಗ್ ಹೋಮಿನ ಡಾಕ್ಟರ್ ನಿಲ್ಲಿಸಿ ಅಂತ ಹೇಳಿದ್ದು ಯಾಕೆ?"

"ಕಣ್ಣಿನ ವಿಷಯ ಅವರಿಗೂ ಗೊತ್ತಿರಲಿಕ್ಕಿಲ್ಲ. ಮಗುವಿಗೆ ಬಣ್ಣ ಬಂದಿತ್ತಲ್ಲ, ಸಾಕು ಅನ್ನಿಸಿತು."

"ಸಾಕು ಹೇಳಿದ್ರು," ಎಂದ. ಮೇಜಿನ ಮೇಲೆ ಬಿದ್ದಿದ್ದ ಒಂದು ಅನ್ನದ ಅಗುಳನ್ನು ಬೆರಳಿನಿಂದ ಒತ್ತಿ ಒತ್ತಿ ಹಿಟ್ಟು ಮಾಡಿದ. "ಅವರು ಸರಿಯಾಗೇ ಹೇಳಿದ್ರು ಮಾರಾಯ. ನಾನು ಬಡಿಸಿದೆ."

ನಿನಗೆ ಗೊತ್ತಿರಲಿಲ್ಲ ಎಂದೆ. ಪ್ರೀತಿಯಿಂದ ಮಾಡಿದೆ ಎಂದೆ. ಎರಡೂ ನಿಜ. ಎರಡೂ ಯಾವ ಉಪಯೋಗಕ್ಕೂ ಬರಲಿಲ್ಲ. ಹೊರಗೆ ಯಾರೋ ಚಹಾ ಕೇಳಿದರು. ಗಣಪಯ್ಯ ಎದ್ದು ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ.

ಅವತ್ತು ಸಂಜೆ ಗಿರಿಜಾರಿಗೆ ಅವನೇ ಹೇಳಿದನಂತೆ, ಒಂದು ಮಾತು ಬಿಡದೆ.

ಶನಿವಾರ ಇಬ್ಬರನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಗಣಪಯ್ಯ ಒಂದೇ ಪ್ರಶ್ನೆ ಕೇಳಿದ: "ಎಷ್ಟು ಕೊಟ್ಟರೆ ಜೀವವೂ ಉಳೀತದೆ, ಕಣ್ಣೂ ಉಳೀತದೆ?"

"ಅದು ಇನ್ನೂ ಯಾರಿಗೂ ಪೂರಾ ಗೊತ್ತಿಲ್ರಿ," ಎಂದರು ಅವರು. "ನೀಲಿ ಆದ್ರ ಕೊಡೂದು, ಬಣ್ಣ ಬಂದ್ರ ಇಳಸೂದು. ಅಷ್ಟ ಗೊತ್ತದ. ಕಡಿಮಿ ಕೊಟ್ಟು ಕೂಸು ಕಳಕೊಂಡ್ರ ಅದಕ್ಕೂ ನಾವ ಜವಾಬ್ದಾರಿ."

ಸುಳ್ಳು ಧೈರ್ಯ ಹೇಳದ ಡಾಕ್ಟರು. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಗಣಪಯ್ಯನಿಗೆ ಏನನ್ನಿಸಿತೋ. ಹೆರಿಗೆ ಇಲ್ಲಿಯೇ ಆಗಲಿ, ನೀವು ಸಾಕು ಎಂದಲ್ಲಿಗೆ ಸಾಕು, ನಾನು ವಾರ್ಡಿನ ಮೆಟ್ಟಿಲನ್ನೂ ಹತ್ತುವುದಿಲ್ಲ ಎಂದು ಕೈ ಮುಗಿದ. ಹೊರಗೆ ಬಂದವನೇ, "ಇದನ್ನು ಪೇಪರಿಗೆ ಬರಿ, ನನ್ನ ಹಾಗಿನವರು ಬೇರೆ ಉಂಟು" ಎಂದ. ಬರೆದಿದ್ದೇನೆ.

ಸ್ಟೇಷನ್ನಿನಲ್ಲಿ ಅವನು ಟಿಕೇಟಿನ ಸಾಲಿಗೆ ಹೋದಾಗ ಗಿರಿಜಾ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರ ಮುಂದೆ ಬಾಯಿ ತೆರೆದಿರದ ಹೆಂಗಸು ತಲೆಯೆತ್ತದೆ ನನ್ನನ್ನು ಕೇಳಿದರು:

"ಇವರಿಗೆ ನೀವು ಹೇಳಿದ್ರಿ, ನನಗೆ ಇವರು ಹೇಳಿದ್ರು. ನಾಳೆ ಲಲಿತೆ ಕೇಳಿದರೆ, ಯಾರು ಹೇಳುವುದು ವಾಸಣ್ಣ?"